ಮಗಳು ಯಾವ ಕಂಪ್ಯೂಟರ್ ಭಾಷೆ ಕಲಿಯಲಿ?

ಹೋದ ವರ್ಷ ಶ್ರಾವಣದ ಒಂದು ಸಂಜೆ. ನಡುಮನೆಯ ಚಾಪೆಯ ಮೇಲೆ ಒಂದು ಪಕ್ಕ ನನ್ನ ಎರಡು ಚಿನ್ನದ ಬಳೆ, ಇನ್ನೊಂದು ಪಕ್ಕ ಬೆಂಗಳೂರಿನ ಒಂದು ತರಬೇತಿ ಕ್ಲಾಸಿನ ಬಣ್ಣಬಣ್ಣದ ಕಾಗದ. ನಡುವೆ ನಾವು ಮೂವರು ಮಾತಿಲ್ಲದೆ ಕೂತಿದ್ದೆವು. ಆರು ತಿಂಗಳ ಕೋರ್ಸು, 85,000 ರೂಪಾಯಿ ಫೀಸು, ಅದರ ಮೇಲೆ ಪಿ.ಜಿ. ಬಾಡಿಗೆ, ಊಟದ ಖರ್ಚು. ಕಾಗದದ ನೆತ್ತಿಯ ಮೇಲೆ 'ಕೆಲಸ ಖಾತ್ರಿ' ಅಂತ ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

ನಮ್ಮ ಯಜಮಾನರು ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಮದುವೆಯಾದವಳು. ಮಗಳು ಪುಟ್ಟಿ ಬಿ.ಕಾಂ. ಮುಗಿಸಿ ಒಂದೂವರೆ ವರ್ಷದಿಂದ ಮನೆಯಲ್ಲಿದ್ದಳು. "ವೆಬ್‌ಸೈಟ್ ಮಾಡೋದು ಕಲೀತೀನಮ್ಮಾ, ಮನೆಯಲ್ಲೇ ಕೂತು ದುಡೀಬಹುದು" ಎನ್ನುವುದು ಅವಳ ಆಸೆ. ಒಳ್ಳೆಯ ಆಸೆಯೇ. ಆದರೆ ಯಾವ ಭಾಷೆ ಕಲಿಯುವುದು? ಕನ್ನಡ, ಇಂಗ್ಲಿಷ್ ಅಲ್ಲ, ಕಂಪ್ಯೂಟರಿಗೆ ಕೆಲಸ ಹೇಳುವ ಪ್ರೋಗ್ರಾಮಿಂಗ್ ಭಾಷೆ. ಕ್ಲಾಸಿನವರು ಜಾವಾ ಅಂದರು. ಎದುರು ಮನೆಯ ಹುಡುಗ ಪೈಥಾನ್ ಅಂದ. ಜೆರಾಕ್ಸ್ ಅಂಗಡಿಯವರು ಪಿ.ಎಚ್.ಪಿ. ಸಾಕು ಅಂದರು. ಪುಟ್ಟಿಯ ಗೆಳತಿ "ಅದೆಲ್ಲ ಹಳೇದು ಕಣೆ" ಅಂತ ಇನ್ನೇನೋ ನಾಲ್ಕು ಹೆಸರು ಹೇಳಿದಳು.

ಜಾವಾ ಅಂದರೆ ನನಗೆ ಗೊತ್ತಿದ್ದದ್ದು ಮೈಸೂರಿನಲ್ಲಿ ತಯಾರಾಗುತ್ತಿದ್ದ, ನಮ್ಮ ಮಾವನವರ ಹತ್ತಿರವಿದ್ದ ಮೋಟಾರ್ ಸೈಕಲ್. ಪೈಥಾನ್ ಅಂದರೆ ಹೆಬ್ಬಾವು. ಇವನ್ನು ನಂಬಿ ಬಳೆ ಬಿಚ್ಚಿ ಕೊಡುವುದೇ? "ಗೌರಿ ಹಬ್ಬ ಕಳೆಯಲಿ, ಆಮೇಲೆ ನೋಡೋಣ" ಅಂದೆ. ಪುಟ್ಟಿ ಮುಖ ಊದಿಸಿಕೊಂಡು ಒಳಗೆ ಹೋದಳು.

ಗೆಳತಿಯರೇ, ಇದೇ ಚಿಂತೆ ಈಗ ನಿಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದೆ ಎಂದು ನನಗೆ ಗೊತ್ತು. ಅದಕ್ಕೇ ಆಮೇಲೆ ನಾನು ಕೇಳಿ ತಿಳಿದದ್ದು, ಕಣ್ಣಾರೆ ಕಂಡದ್ದು ಬರೆಯುತ್ತಿದ್ದೇನೆ.

ಹೋಟೆಲಿನ ಮುಂಭಾಗ, ಹಿಂಭಾಗ

ಗೌರಿ ಹಬ್ಬಕ್ಕೆ ತವರಿನ ಮಂಗಳದ್ರವ್ಯ ಹಿಡಿದುಕೊಂಡು ಅಣ್ಣನ ಮಗ ಬಂದ. ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುವವನು. ಒಬ್ಬಟ್ಟು ಬಡಿಸುತ್ತಲೇ ಕೇಳಿದೆ: "ಇಷ್ಟು ಭಾಷೆಗಳಲ್ಲಿ ಒಳ್ಳೇದು ಯಾವುದಪ್ಪಾ?"

ಅವನು ನಕ್ಕ. "ಅತ್ತೆ, ಒಳ್ಳೇದು ಯಾವುದು ಅಂತ ಕೇಳಬೇಡಿ. ಯಾವ ಕೆಲಸಕ್ಕೆ ಅಂತ ಕೇಳಿ. ನೀವು ಒಬ್ಬಟ್ಟಿಗೂ ಪಲ್ಯಕ್ಕೂ ಒಂದೇ ಪಾತ್ರೆ ಇಡ್ತೀರಾ?"

ಆಮೇಲೆ ಬಿಡಿಸಿ ಹೇಳಿದ. ವೆಬ್‌ಸೈಟ್ ಎಂದರೆ ಒಂದು ಹೋಟೆಲಿದ್ದ ಹಾಗೆ. ಮುಂದುಗಡೆ ಬೋರ್ಡು, ಮೇಜು, ತಿಂಡಿಪಟ್ಟಿ, ಏನು ಬೇಕು ಎಂದು ಕೇಳುವ ಸಪ್ಲೈಯರ್. ಹಿಂದುಗಡೆ ಅಡುಗೆಮನೆ, ಅದರ ಪಕ್ಕದಲ್ಲಿ ಉಗ್ರಾಣ. ನಮ್ಮ ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಕಾಣಿಸುವುದು ಮುಂಭಾಗ. ಅದನ್ನು ತೋರಿಸುವ ತಂತ್ರಾಂಶಕ್ಕೆ ಬ್ರೌಸರ್ ಎನ್ನುತ್ತಾರೆ. ಹಿಂಭಾಗ ಎಲ್ಲೋ ದೂರದ ಸರ್ವರ್ ಎಂಬ ಕಂಪ್ಯೂಟರಿನಲ್ಲಿರುತ್ತದೆ. ಉಗ್ರಾಣವೇ ಡೇಟಾಬೇಸ್. ಗಿರಾಕಿ ಯಾರು, ಏನು ಕೇಳಿದರು, ದುಡ್ಡು ಬಂತೇ, ಎಲ್ಲ ಅಲ್ಲಿ ಜೋಡಿಸಿಟ್ಟಿರುತ್ತದೆ.

ಮುಂಭಾಗದಲ್ಲಿ ಆಯ್ಕೆಯ ಗೊಂದಲವೇ ಇಲ್ಲ

ಯಾವ ಭಾಷೆ ಎಂದು ಊರೆಲ್ಲ ಕಿತ್ತಾಡುವುದು ಹಿಂಭಾಗದ ಬಗ್ಗೆ. ಮುಂಭಾಗಕ್ಕೆ ಕಲಿಯಬೇಕಾದ್ದು ಮೂರೇ, ಎಲ್ಲರಿಗೂ ಅವೇ ಮೂರು.

ಮೊದಲನೆಯದು ಎಚ್.ಟಿ.ಎಂ.ಎಲ್. ಇದು ಮನೆಯ ಗೋಡೆ, ಬಾಗಿಲು. ಇದು ತಲೆಬರಹ, ಇದು ಚಿತ್ರ, ಇದು ಪಟ್ಟಿ ಎಂದು ಗುರುತು ಹಾಕುವ ಕ್ರಮ. ಇದನ್ನು ಹುಟ್ಟುಹಾಕಿದವರು ಸ್ವಿಟ್ಜರ್ಲೆಂಡಿನ ಸರ್ನ್ ವಿಜ್ಞಾನ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ. ವೆಬ್ ಎನ್ನುವುದನ್ನೇ 1989ರಲ್ಲಿ ಯೋಚಿಸಿದವರು ಅವರು. 1991ರಲ್ಲಿ ಅದು ಹೊರಗಿನವರಿಗೂ ತೆರೆಯಿತು.

ಎರಡನೆಯದು ಸಿ.ಎಸ್.ಎಸ್. ಇದು ಸುಣ್ಣ ಬಣ್ಣ, ರಂಗೋಲಿ. ಅಕ್ಷರ ಎಷ್ಟು ದಪ್ಪ, ಹಿನ್ನೆಲೆ ಯಾವ ಬಣ್ಣ, ಸಣ್ಣ ಮೊಬೈಲಿನಲ್ಲಿ ಪುಟ ಹೇಗೆ ಮಡಚಿಕೊಳ್ಳಬೇಕು ಎಂದು ಹೇಳುವುದು ಇದು. ಇದರ ಮೊದಲ ಆವೃತ್ತಿ ಬಂದದ್ದು 1996ರಲ್ಲಿ.

ಮೂರನೆಯದು ಜಾವಾಸ್ಕ್ರಿಪ್ಟ್. ಇದು ನಿಜವಾದ ಪ್ರೋಗ್ರಾಮಿಂಗ್ ಭಾಷೆ, ಆ ಸಪ್ಲೈಯರ್ ಹುಡುಗನ ಹಾಗೆ. ಗುಂಡಿ ಒತ್ತಿದರೆ ಲೆಕ್ಕ ಕೂಡಿಸುವುದು, ಫೋನ್ ನಂಬರಿನಲ್ಲಿ ಒಂದು ಅಂಕಿ ಬಿಟ್ಟರೆ ಅಲ್ಲೇ ಹೇಳುವುದು ಇದರ ಕೆಲಸ. ಹೆಸರು ನೋಡಿ ಇದನ್ನು ಜಾವಾದ ತಮ್ಮ ಅಂದುಕೊಳ್ಳಬೇಡಿ. ಎರಡಕ್ಕೂ ಮಾವನಿಗೂ ಮಾವಿನಕಾಯಿಗೂ ಇರುವಷ್ಟೇ ನಂಟು! 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಎಂಬವರು ಇದರ ಮೊದಲ ರೂಪವನ್ನು ಹತ್ತೇ ದಿನದಲ್ಲಿ ಬರೆದರು. ನಮ್ಮ ಮಿಡಿ ಉಪ್ಪಿನಕಾಯಿ ಹದಕ್ಕೆ ಬರಲೂ ಅದಕ್ಕಿಂತ ಹೆಚ್ಚು ದಿನ ಬೇಕು. ಆಗ ಜಾವಾ ಹೆಸರು ಜೋರಾಗಿತ್ತು, ಅದರ ಗಾಳಿ ಇದಕ್ಕೂ ಬೀಸಲಿ ಎಂದು ಈ ಹೆಸರಿಟ್ಟರು.

ಕ್ಲಾಸಿನ ಕಾಗದದಲ್ಲಿ ಈ ಮೂರಕ್ಕೂ ಸೇರಿ ಇದ್ದದ್ದು ಎರಡು ವಾರ! "ಇದನ್ನು ಎರಡು ವಾರದಲ್ಲಿ ಮುಗಿಸಿದರೆ ಹುಡುಗಿ ಆಮೇಲೆ ಪ್ರತಿ ದಿನ ಮುಗ್ಗರಿಸ್ತಾಳೆ ಅತ್ತೆ. ಮೂರು ತಿಂಗಳು ನಿಧಾನವಾಗಿ ಕಲೀಲಿ. ಇದಕ್ಕೆ ದುಡ್ಡೇ ಬೇಡ, ಕಂಪ್ಯೂಟರ್ ಒಂದಿದ್ದರೆ ಸಾಕು" ಅಂದ.

ಹಿಂಭಾಗಕ್ಕೆ ಯಾವುದು?

ಇಲ್ಲಿ ಆಯ್ಕೆ ಉಂಟು. ಅವನು ಹೇಳಿದ್ದನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದಿಟ್ಟುಕೊಂಡೆ. ನೀವೂ ಬರೆದಿಟ್ಟುಕೊಳ್ಳಿ.

ಪಿ.ಎಚ್.ಪಿ.: ರಾಸ್ಮಸ್ ಲೆರ್ಡಾರ್ಫ್ ಎಂಬವರು 1994ರಲ್ಲಿ ತಮ್ಮ ಸ್ವಂತ ಪುಟವನ್ನು ಯಾರು ಯಾರು ನೋಡಿದರು ಎಂದು ತಿಳಿಯಲು ಬರೆದುಕೊಂಡ ಸಣ್ಣ ಉಪಕರಣದಿಂದ ಬೆಳೆದದ್ದು. ವಿಕಿಪೀಡಿಯ ನಡೆಯುವುದು ಇದರಲ್ಲಿ, ನಮ್ಮ ಕನ್ನಡ ವಿಕಿಪೀಡಿಯವೂ ಸೇರಿ. 2003ರಲ್ಲಿ ಬಂದ ವರ್ಡ್‌ಪ್ರೆಸ್ ಕೂಡ ಇದರಲ್ಲೇ. ಜಗತ್ತಿನ ವೆಬ್‌ಸೈಟುಗಳಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ವರ್ಡ್‌ಪ್ರೆಸ್‌ನಿಂದ ನಡೆಯುತ್ತವೆ. ಅಗ್ಗದ ಬಾಡಿಗೆ ಸರ್ವರಿನಲ್ಲೂ ಇದು ಸಿಗುತ್ತದೆ. ಅಂಗಡಿ, ಶಾಲೆ, ಕಲ್ಯಾಣ ಮಂಟಪ, ಇಂಥವರಿಗೆ ವೆಬ್‌ಸೈಟ್ ಮಾಡಿಕೊಡುವುದಾದರೆ ಇದು ಸರಿ.

ಪೈಥಾನ್: 1991ರಲ್ಲಿ ನೆದರ್‌ಲೆಂಡ್ಸಿನ ಗೀಡೊ ವಾನ್ ರಾಸಮ್ ಹೊರತಂದದ್ದು. ಹೆಸರು ಹಾವಿನದಲ್ಲವಂತೆ, ಟಿ.ವಿ.ಯಲ್ಲಿ ಬರುತ್ತಿದ್ದ ಒಂದು ಇಂಗ್ಲಿಷ್ ನಗೆ ಕಾರ್ಯಕ್ರಮದ್ದು! ಓದಲು ಸುಲಭ, ಚೊಕ್ಕ. ವೆಬ್ ಕೆಲಸಕ್ಕೆ ಇದರ ಜೊತೆ ಬಳಸುವ ಜಾಂಗೋ ಎಂಬ ಚೌಕಟ್ಟು ಹುಟ್ಟಿದ್ದು ಅಮೆರಿಕದ ಕಾನ್ಸಾಸ್‌ನ ಒಂದು ಪತ್ರಿಕಾ ಕಚೇರಿಯಲ್ಲಿ. 2005ರಲ್ಲಿ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಇನ್‌ಸ್ಟಾಗ್ರಾಂ ಕಟ್ಟಿದ್ದು ಅದರ ಮೇಲೆ. ಮುಂದೆ ಅಂಕಿಅಂಶ, ಎ.ಐ. ಕಡೆ ಹೋಗುವ ಮನಸ್ಸಿದ್ದವರಿಗೆ ಇದು ಹೊಂದುತ್ತದೆ.

ಜಾವಾ: 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಿಂದ ಬಂದದ್ದು. ಬ್ಯಾಂಕು, ವಿಮೆ, ದೊಡ್ಡ ದೊಡ್ಡ ಕಂಪನಿಗಳ ಭಾರೀ ವ್ಯವಹಾರಕ್ಕೆ ಬಳಸುತ್ತಾರೆ. ಕಟ್ಟುನಿಟ್ಟು ಜಾಸ್ತಿ, ಸಣ್ಣ ಕೆಲಸಕ್ಕೂ ಹೆಚ್ಚು ಸಾಲು ಬರೆಯಬೇಕು. ಬೆಂಗಳೂರಿನ ದೊಡ್ಡ ಕಂಪನಿಯಲ್ಲೇ ನೌಕರಿ ಬೇಕು ಅನ್ನುವವರಿಗೆ ಸರಿ. ಮನೆಯಲ್ಲಿ ಕೂತು ಸಣ್ಣ ವೆಬ್‌ಸೈಟ್ ಮಾಡಲು ಇದು ನಾಲ್ಕು ಜನರ ಅಡುಗೆಗೆ ಮದುವೆ ಮನೆಯ ಕೊಪ್ಪರಿಗೆ ಇಟ್ಟ ಹಾಗೆ.

ಜಾವಾಸ್ಕ್ರಿಪ್ಟ್: ಮುಂಭಾಗದಲ್ಲಿದ್ದ ಅದೇ ಹುಡುಗ 2009ರಿಂದ ಅಡುಗೆಮನೆಗೂ ಬಂದ. ನೋಡ್ ಎಂಬ ವ್ಯವಸ್ಥೆಯಿಂದ ಸರ್ವರಿನಲ್ಲೂ ಇದನ್ನೇ ನಡೆಸಬಹುದು. ಹಿಂದೆ ಮುಂದೆ ಎರಡಕ್ಕೂ ಒಂದೇ ಭಾಷೆ ಸಾಕು ಅನ್ನುವವರಿಗೆ ಇದರಲ್ಲಿ ಉಳಿತಾಯವುಂಟು.

ಜಪಾನಿನ ಯುಕಿಹಿರೊ ಮಾತ್ಸುಮೊಟೊ 1995ರಲ್ಲಿ ಹೊರತಂದ ರೂಬಿ ಎಂಬುದೂ ಇದೆ. ಬಹಳ ಅಂದವಾದ ಭಾಷೆಯಂತೆ. ಆದರೆ ಹೊಸಬರಿಗೆ ನಮ್ಮ ಕಡೆ ಅದಕ್ಕೆ ಕರೆ ಕಡಿಮೆ ಅಂದ.

ಇವುಗಳಲ್ಲಿ ಯಾವುದಕ್ಕೂ ದುಡ್ಡು ಕೊಟ್ಟು ಪರವಾನಗಿ ತೆಗೆದುಕೊಳ್ಳಬೇಕಾಗಿಲ್ಲ. ಪಿ.ಎಚ್.ಪಿ.ಯೂ ಪೈಥಾನೂ ಪುಕ್ಕಟೆ. ಜಾವಾ ಕೂಡ ಪುಕ್ಕಟೆಯಾಗಿ ಸಿಗುತ್ತದೆ. ಇದು ನನಗೆ ಗೊತ್ತೇ ಇರಲಿಲ್ಲ. ಆ 85,000 ಭಾಷೆಯ ಬೆಲೆ ಅಂದುಕೊಂಡಿದ್ದೆ!

ಪುಟ್ಟಿಯೂ ನಾನೂ ಒಂದು ವಾರ ಕೆಲಸದ ಜಾಹೀರಾತು ನೋಡುತ್ತಾ ಕಾಗದದ ಮೇಲೆ ಗೀಟು ಹಾಕಿದೆವು. ಜಾವಾಸ್ಕ್ರಿಪ್ಟಿನ ಮುಂದೆ ಎಲ್ಲಕ್ಕಿಂತ ಹೆಚ್ಚು ಗೀಟು. ಪಿ.ಎಚ್.ಪಿ. ಕೇಳಿದವರು ಹೆಚ್ಚಾಗಿ ಸಣ್ಣ ಕಚೇರಿಗಳವರು. ಮುಂಭಾಗದ ಮೂರು ಮೊದಲು, ಆಮೇಲೆ ಪಿ.ಎಚ್.ಪಿ. ಮತ್ತು ಡೇಟಾಬೇಸ್ ಎಂದು ಅವಳೇ ತೀರ್ಮಾನಿಸಿದಳು. ನಮ್ಮೂರಿನಲ್ಲಿ ಸಿಗುವ ಗಿರಾಕಿಗಳಿಗೆ ಅದೇ ಸರಿ ಎಂದು ನಮಗೂ ಅನ್ನಿಸಿತು.

ಎರಡು ಬಳೆಯಲ್ಲಿ ಒಂದನ್ನು ಬ್ಯಾಂಕಿನಲ್ಲಿಟ್ಟೆ. ಫೀಸಿಗಲ್ಲ, 24,000 ರೂಪಾಯಿಯ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿಗೆ. ಇನ್ನೊಂದು ಕೈಯಲ್ಲೇ ಉಳಿಯಿತು.

ಹಪ್ಪಳದ ಅಂಗಡಿಯ ಪಾಠ

ಬರೀ ಪಾಠ ಓದಿದರೆ ಅಡುಗೆ ಬರುವುದೇ? ನಮ್ಮ ಬೀದಿಯ ಸ್ತ್ರೀಶಕ್ತಿ ಸಂಘದಲ್ಲಿ ನಾವು ಹದಿನಾಲ್ಕು ಜನ ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾಡಿ ಮಾರುತ್ತೇವೆ. "ನಮ್ಮದಕ್ಕೇ ಒಂದು ವೆಬ್‌ಸೈಟ್ ಮಾಡೇ" ಅಂದೆ. ಅವಳ ನಿಜವಾದ ಕಲಿಕೆ ಅಲ್ಲಿ ಶುರುವಾಯಿತು.

ಮೊದಲ ವಾರವೇ ಒಂದು ತಮಾಷೆ. ಗಿರಾಕಿ 5 ಕಟ್ಟು ಹಪ್ಪಳ ಎಂದು ಬರೆದು, ಅದರ ಮೇಲೆ ಇನ್ನೂ 3 ಎಂದು ಸೇರಿಸಿದರೆ ವೆಬ್‌ಸೈಟ್ 53 ಕಟ್ಟು ಎಂದು ತೋರಿಸಿತು! ಕಾರಣ ಹೀಗೆ. ಪುಟದ ಪೆಟ್ಟಿಗೆಯಲ್ಲಿ ಬರೆದ 5 ಜಾವಾಸ್ಕ್ರಿಪ್ಟಿಗೆ ಅಂಕಿಯಲ್ಲ, ಅಕ್ಷರ. ಅಕ್ಷರಕ್ಕೆ 3 ಕೂಡಿಸು ಅಂದರೆ ಪಕ್ಕದಲ್ಲಿ ಅಂಟಿಸಿಬಿಡುತ್ತದೆ. ಪಿ.ಎಚ್.ಪಿ. ಆದರೆ ತಾನೇ ಊಹಿಸಿ 8 ಎನ್ನುತ್ತದೆ. ಪೈಥಾನ್ "ಅಕ್ಷರಕ್ಕೆ ಅಂಕಿ ಕೂಡಿಸಲಾರೆ" ಎಂದು ತಕರಾರು ತೆಗೆದು ನಿಂತುಬಿಡುತ್ತದೆ. ಸೊಸೆಯರ ಹಾಗೆ ಒಂದೊಂದರ ಸ್ವಭಾವ ಒಂದೊಂದು, ನೋಡಿ. ಅಕ್ಷರವನ್ನು ಮೊದಲು ಅಂಕಿಯಾಗಿ ಮಾಡಿಕೊಂಡು ಕೂಡಿಸು ಎಂದು ಒಂದು ಮಾತು ಸೇರಿಸಿದ ಮೇಲೆ ಲೆಕ್ಕ ಸರಿಹೋಯಿತು.

ಎರಡನೆಯದು ತಮಾಷೆಯಲ್ಲ. ದೀಪಾವಳಿಗೆ ಮುಂಚೆ ಬಂದ ಹದಿನೇಳು ಆರ್ಡರುಗಳಲ್ಲಿ ಗಿರಾಕಿಗಳ ಹೆಸರು, ವಿಳಾಸ ಇರಬೇಕಾದ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆಗಳು! ಇಂಗ್ಲಿಷಿನಲ್ಲಿ ಬರೆದವರದು ಸರಿಯಾಗಿತ್ತು, ಕನ್ನಡದಲ್ಲಿ ಬರೆದವರದು ಮಾತ್ರ ಮಾಯ. ಹದಿನಾಲ್ಕು ಹೆಂಗಸರು ಬಿಸಿಲಲ್ಲಿ ಒಣಗಿಸಿದ ಹಪ್ಪಳ ಡಬ್ಬದಲ್ಲಿದೆ, ಯಾರಿಗೆ ಕಳಿಸಬೇಕೋ ಗೊತ್ತಿಲ್ಲ. ಪುಟ್ಟಿ ಅತ್ತುಬಿಟ್ಟಳು. ಪುಣ್ಯಕ್ಕೆ ಫೋನ್ ನಂಬರು ಅಂಕಿಯಲ್ಲಿ ಉಳಿದಿದ್ದವು. ಹದಿನೇಳು ಜನಕ್ಕೂ ಫೋನ್ ಮಾಡಿ, ಕ್ಷಮಿಸಿ ಎಂದು ಹೇಳಿ, ವಿಳಾಸ ಬರೆದುಕೊಂಡೆವು.

ಭಾವನಿಗೆ ಫೋನ್ ಮಾಡಿ ಕೇಳಿದಾಗ ಗೊತ್ತಾದದ್ದು, ಉಗ್ರಾಣವನ್ನು ಕನ್ನಡ ಅಕ್ಷರಕ್ಕೆ ಸಜ್ಜು ಮಾಡಿರಲಿಲ್ಲ. 1991ರಿಂದಲೇ ಯೂನಿಕೋಡ್ ಎಂಬ ಜಾಗತಿಕ ಅಕ್ಷರಪಟ್ಟಿಯಲ್ಲಿ ಕನ್ನಡಕ್ಕೆ ಜಾಗವಿದೆ. ಆದರೆ ಪುಟಕ್ಕೆ ಯು.ಟಿ.ಎಫ್.-8 ಎಂದೂ, ಅವಳು ಬಳಸಿದ ಮೈ ಎಸ್.ಕ್ಯು.ಎಲ್. ಡೇಟಾಬೇಸಿಗೆ ಯು.ಟಿ.ಎಫ್.8 ಎಂ.ಬಿ.4 ಎಂದೂ ನಾವು ಹೇಳಿರಬೇಕು. ಒಮ್ಮೆ ಪ್ರಶ್ನೆ ಚಿಹ್ನೆಯಾಗಿ ಕೂತದ್ದು ಮತ್ತೆ ಅಕ್ಷರವಾಗದು.

ಇನ್ನೊಂದು ವಿಚಿತ್ರ ಕೇಳಿ. 'ಸ್ತ್ರೀ' ಎನ್ನುವುದು ನಮಗೆ ಒಂದೇ ಅಕ್ಷರ. ಅದರ ಉದ್ದ ಎಷ್ಟು ಎಂದು ಜಾವಾಸ್ಕ್ರಿಪ್ಟನ್ನೋ ಪೈಥಾನನ್ನೋ ಕೇಳಿದರೆ 6 ಎನ್ನುತ್ತವೆ. ಸ, ವಿರಾಮ, ತ, ವಿರಾಮ, ರ, ಈಕಾರ ಎಂದು ಎಣಿಸುತ್ತವೆ. ಪಿ.ಎಚ್.ಪಿ.ಯ ಮಾಮೂಲಿ ಎಣಿಕೆ ಕೇಳಿದರೆ 18! ಒಳಗೆ ಪ್ರತಿಯೊಂದಕ್ಕೂ ಮೂರು ಬೈಟ್ ಹಿಡಿಯುತ್ತದೆ, ಅದು ಬೈಟನ್ನು ಎಣಿಸುತ್ತದೆ. ಹೆಸರಿಗೆ ಇಪ್ಪತ್ತೇ ಅಕ್ಷರ ಎಂದು ಮಿತಿ ಹಾಕಿದರೆ ನಮ್ಮ ಸಂಘದ ಹೆಸರೂ ಹಿಡಿಯದು. ಹೀಗೆ ಬಹುಬೈಟ್ ಅಕ್ಷರ ಎಣಿಸಲು ಪಿ.ಎಚ್.ಪಿ.ಯಲ್ಲಿ ಬೇರೆ ಆಜ್ಞೆಗಳಿವೆ, ಅವನ್ನು ಬಳಸಿದರೆ ಅದೂ 6 ಎನ್ನುತ್ತದೆ. ಯಾವ ಭಾಷೆ ಕಲಿತರೂ ಮೊದಲ ದಿನವೇ ಕನ್ನಡದಲ್ಲಿ ನಿಮ್ಮ ಹೆಸರು ಹಾಕಿ ನೋಡಿ.

ಹಳೆಯ ಪುಸ್ತಕ, ಹೊಸ ಮಾತು

ಯಜಮಾನರು ಪ್ರೀತಿಯಿಂದ ಬೆಂಗಳೂರಿನ ಫುಟ್‌ಪಾತಿನಿಂದ ಒಂದು ದಪ್ಪ ಪೈಥಾನ್ ಪುಸ್ತಕ 120 ರೂಪಾಯಿಗೆ ತಂದರು. ಮೊದಲ ಪುಟದ ಪಾಠವೇ ನಡೆಯಲಿಲ್ಲ. ಅದು ಪೈಥಾನ್ 2ರ ಪುಸ್ತಕ. ಆ ಆವೃತ್ತಿಗೆ 2020ರ ಜನವರಿ 1ರಂದೇ ಮಂಗಳ ಹಾಡಿದ್ದರು, ಈಗ ಇರುವುದು 3. ಪಿ.ಎಚ್.ಪಿ.ಯಲ್ಲೂ ಹಾಗೇ. ಡೇಟಾಬೇಸ್ ಜೊತೆ ಮಾತಾಡುವ ಹಳೆಯ ಆಜ್ಞೆಗಳನ್ನು 2015ರಲ್ಲಿ ಬಂದ 7ನೇ ಆವೃತ್ತಿಯಲ್ಲಿ ತೆಗೆದೇಬಿಟ್ಟರು. ಒಂದು ಕಾಲದಲ್ಲಿ ವೆಬ್‌ಸೈಟುಗಳಲ್ಲಿ ಕುಣಿಯುತ್ತಿದ್ದ ಫ್ಲ್ಯಾಶ್ 2020ರ ಕೊನೆಗೆ ಪೂರ್ತಿ ನಿಂತಿತು. ಅದನ್ನೇ ನಂಬಿ ಕಲಿತವರು ಮತ್ತೆ ಬೇರೆ ಕಲಿಯಬೇಕಾಯಿತು.

ಹಾಗೆಂದು ಹೆದರಬೇಡಿ. ಎಚ್.ಟಿ.ಎಂ.ಎಲ್., ಸಿ.ಎಸ್.ಎಸ್., ಜಾವಾಸ್ಕ್ರಿಪ್ಟ್ ಮೂರೂ ಇಪ್ಪತ್ತೈದು ವರ್ಷಕ್ಕೂ ಮೇಲೆ ಬಾಳಿವೆ. ಡೇಟಾಬೇಸಿನ ಎಸ್.ಕ್ಯು.ಎಲ್. ಭಾಷೆ 1970ರ ದಶಕದ್ದು, ಇಂದಿಗೂ ಗಟ್ಟಿ. ಬುನಾದಿ ಕಲಿತವಳಿಗೆ ಇನ್ನೊಂದು ಭಾಷೆ ಕಲಿಯುವುದು ರೊಟ್ಟಿ ಬರುವವಳು ಅಕ್ಕಿರೊಟ್ಟಿ ಬಿಟ್ಟು ಜೋಳದ ರೊಟ್ಟಿ ತಟ್ಟಿದ ಹಾಗೆ. ಮೊದಮೊದಲು ಹರಿಯುತ್ತದೆ, ಆಮೇಲೆ ಕೈ ಕೂರುತ್ತದೆ.

"ಈಗ ಎ.ಐ. ಕೇಳಿದರೆ ಎಲ್ಲ ಬರೆದುಕೊಡುತ್ತಂತಲ್ಲ, ಕಲಿಯೋದ್ಯಾಕೆ?" ಎಂದು ಸಂಘದ ಒಬ್ಬರು ಕೇಳಿದರು. ಬರೆದುಕೊಡುತ್ತದೆ, ನಿಜ. ಪುಟ್ಟಿಯೂ ಕೇಳುತ್ತಾಳೆ. ಆದರೆ ಅದು ಬರೆದದ್ದರಲ್ಲಿ 5 ಮತ್ತು 3 ಸೇರಿ 53 ಆದರೆ, ಎಲ್ಲಿ ತಪ್ಪಿದೆ ಎಂದು ಹುಡುಕುವವಳಿಗೆ ಭಾಷೆ ಗೊತ್ತಿರಬೇಕು. ಹಿಟ್ಟಿನ ಹದ ಗೊತ್ತಿಲ್ಲದವಳ ಕೈಗೆ ಗ್ರೈಂಡರ್ ಕೊಟ್ಟರೆ ಇಡ್ಲಿ ಮೃದುವಾದೀತೇ?

ಫೀಸು ಕಟ್ಟುವ ಮೊದಲು ಕೇಳಿ

ಕ್ಲಾಸಿಗೆ ಸೇರಲೇಬೇಡಿ ಎಂದು ನಾನು ಹೇಳುವುದಿಲ್ಲ. ಒಬ್ಬರೇ ಕೂತು ಕಲಿಯಲು ಕೆಲವರಿಗೆ ಆಗುವುದಿಲ್ಲ. ಆದರೆ ಇಷ್ಟನ್ನು ನಾಚಿಕೆಯಿಲ್ಲದೆ ಕೇಳಿ:

1. ಮುಂಭಾಗದ ಮೂರಕ್ಕೆ ಎಷ್ಟು ವಾರ ಕೊಡುತ್ತೀರಿ?

2. ಯಾವ ಆವೃತ್ತಿ ಕಲಿಸುತ್ತೀರಿ? ಪೈಥಾನ್ ಆದರೆ 3, ಪಿ.ಎಚ್.ಪಿ. ಆದರೆ 8 ಇರಬೇಕು.

3. ಡೇಟಾಬೇಸ್ ಮತ್ತು ಎಸ್.ಕ್ಯು.ಎಲ್. ಇದೆಯೇ?

4. ನಿಮ್ಮಲ್ಲಿ ಕಲಿತವರು ಸ್ವಂತವಾಗಿ ಮಾಡಿದ ವೆಬ್‌ಸೈಟ್ ತೋರಿಸಿ. ಅದನ್ನು ಮಾಡಿದ ಹುಡುಗಿಯ ಜೊತೆ ಮಾತಾಡಬಹುದೇ?

5. 'ಕೆಲಸ ಖಾತ್ರಿ' ಎಂದರೆ ಏನು? ಸಿಗದಿದ್ದರೆ ಫೀಸು ವಾಪಸೇ? ಬರಹದಲ್ಲಿ ಕೊಡುತ್ತೀರಾ?

6. ಕಂತಿನಲ್ಲಿ ಕಟ್ಟಬಹುದೇ? ಮೊದಲ ವಾರ ಕೂತು ನೋಡಬಹುದೇ?

ಐದನೆಯ ಪ್ರಶ್ನೆ ಕೇಳಿದ ಮೇಲೆ ನಮಗೆ ಬರುತ್ತಿದ್ದ ಫೋನು ನಿಂತುಹೋಯಿತು!

ಪುಕ್ಕಟೆ ಕಲಿಯುವವರಿಗೆ ಐ.ಐ.ಟಿ. ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳಿವೆ, ಕೆಲವು ಕನ್ನಡದ ದನಿಯಲ್ಲೂ ಸಿಗುತ್ತವೆ. ಇಂಗ್ಲಿಷ್ ಓದಬಲ್ಲವರಿಗೆ ಎಂ.ಡಿ.ಎನ್. ಮತ್ತು ಫ್ರೀಕೋಡ್‌ಕ್ಯಾಂಪ್ ಇವೆ. ಆದರೆ ದಿನಕ್ಕೆರಡು ಗಂಟೆ ಅವಳನ್ನು ಯಾರೂ ಎಬ್ಬಿಸಬಾರದು. ಒಲೆ ಮೇಲೆ ಹಾಲಿಟ್ಟಿದ್ದೇನೆ ನೋಡು, ಬಾಗಿಲಲ್ಲಿ ಯಾರೋ ಬಂದರು ನೋಡು ಎಂದು ನಾನೇ ಎಷ್ಟು ಸಲ ಕೂಗಿದ್ದೆನೋ! ಮಗ ಓದುತ್ತಿದ್ದರೆ ಹಾಗೆ ಕೂಗುತ್ತಿದ್ದೆನೇ ಎಂದು ಒಂದು ದಿನ ನನಗೇ ನಾಚಿಕೆಯಾಯಿತು. ಈಗ ಆ ಎರಡು ಗಂಟೆ ಹಾಲು ನಾನೇ ನೋಡಿಕೊಳ್ಳುತ್ತೇನೆ.

ಪುಟ್ಟಿಗೆ ದೊಡ್ಡ ನೌಕರಿ ಇನ್ನೂ ಸಿಕ್ಕಿಲ್ಲ. ಎರಡು ಸಂದರ್ಶನ ಕೊಟ್ಟು ಬಂದಳು. ಒಂದರಲ್ಲಿ ಬೇಡ ಅಂದರು, ಇನ್ನೊಂದರ ಉತ್ತರ ಬಂದಿಲ್ಲ. ಆದರೆ ಹಪ್ಪಳದ ವೆಬ್‌ಸೈಟ್ ನೋಡಿ ಗಿಡ ಮಾರುವ ನರ್ಸರಿಯವರೊಬ್ಬರು ತಮಗೂ ಒಂದು ಮಾಡಿಸಿಕೊಂಡರು. ಕೈಗೆ 7,000 ರೂಪಾಯಿ ಕೊಟ್ಟರು. ಅದನ್ನು ತಂದು ನನ್ನ ಮುಂದಿಟ್ಟು, "ಬಳೆಯ ಬಡ್ಡಿ ಕಟ್ಟಮ್ಮಾ" ಅಂದಳು. ಬಡ್ಡಿ ಕಟ್ಟಿ, ಉಳಿದದ್ದನ್ನು ಅಸಲಿಗೆ ಹಾಕಿದ್ದೇನೆ.

ಬಳೆ ಇನ್ನೂ ಬ್ಯಾಂಕಿನಲ್ಲೇ ಇದೆ. ಬರುವ ಗೌರಿ ಹಬ್ಬದೊಳಗೆ ಬಿಡಿಸಿಕೊಡುತ್ತೇನೆ ಎಂದಿದ್ದಾಳೆ. ನೋಡೋಣ.